ದೇವನೂರಿನ ಪಹಣಿ ಯಾವ ಡಿಸ್ಕ್‌ನಲ್ಲಿದೆ? ಶಾಖಾ ಕಚೇರಿಯ ಸರ್ವರ್‌ಗೆ ಸ್ಟೋರೇಜ್ ವಾಲ್ಯೂಮ್ ಮಾಡೋದು ಹೀಗೆ

ಇವತ್ತಿನ ಸಂಚಿಕೆಯಲ್ಲಿ ಸ್ವಲ್ಪ ಲೆಕ್ಕ ಇದೆ. ಬಸ್ಸಲ್ಲಿ ಕೂತು ಕೇಳಿದವರು ಅಂಕಿಗಳನ್ನ ಇಲ್ಲಿ ಬರಹದಲ್ಲಿ ನೋಡ್ಕೊಳ್ಳಬಹುದು.

ಕಡೂರು ಕಡೆಯ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾರೆ. 'ಸರ್, ನಮ್ಮ ಶಾಖಾ ಕಚೇರಿಗೆ ಒಂದು ನ್ಯಾಸ್ ಬಾಕ್ಸ್ ಬಂದಿದೆ, ನಾಲ್ಕು ಡಿಸ್ಕ್ ಇದೆ. ಒಂದೇ ವಾಲ್ಯೂಮ್ ಮಾಡಿ ಎಲ್ಲಾನೂ ಅದಕ್ಕೇ ಹಾಕಿದ್ರೆ ಆಗಲ್ವಾ?'

ಆಗತ್ತೆ. ಒಂದೆರಡು ವರ್ಷ ಚೆನ್ನಾಗೇ ಓಡತ್ತೆ. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ಜನ ನಿಂತಿರ್ತಾರೆ, ಒಳಗೆ ಕಂಪ್ಯೂಟರ್ ಏನೂ ಹೇಳ್ತಿರಲ್ಲ. ಆ ಸೋಮವಾರ ನಾನು ನೋಡಿದ್ದೀನಿ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಉದಾಹರಣೆ ಹಿಡಿಯೋಣ. ಪ್ರಶ್ನೆ ಕಡೂರಿಂದ ಬಂದಿದ್ದರಿಂದ ಕಡೂರು ತಾಲೂಕಿನದೇ ಒಂದು ಊರು: ದೇವನೂರು. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ಊರು ಅಂತ ಹೆಸರು, ಲಕ್ಷ್ಮೀಕಾಂತನ ದೇವಸ್ಥಾನ ಇರೋ ಊರು. ಅಲ್ಲಿನ ಒಬ್ಬ ರೈತನ ಹತ್ತಿರ ಅವರಪ್ಪನಿಗೆ ಮಂಜೂರಾದ ಎರಡು ಎಕರೆ ಇದೆ ಅಂದುಕೊಳ್ಳಿ. ಮನೆಯಲ್ಲಿದ್ದ ಸಾಗುವಳಿ ಚೀಟಿ ಗೆದ್ದಲು ತಿಂದು ಹೋಗಿದೆ. ಇನ್ನು ಉಳಿದಿರೋ ಒಂದೇ ಸಾಕ್ಷಿ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಮಂಜೂರಾತಿ ಕಡತ. ಅದೂ ಸಿಗದೇ ಹೋದ್ರೆ ಪೋಡಿ ಇಲ್ಲ, ಸಾಲ ಇಲ್ಲ, ಅಣ್ಣತಮ್ಮಂದಿರ ಭಾಗ ಇಲ್ಲ. ಹಾಗಾಗಿ 'ಈ ಫೈಲ್ ಎಲ್ಲಿದೆ' ಅನ್ನೋದು ಆ ಮನೆಗೆ ಊಟದ ಪ್ರಶ್ನೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಉತ್ತರ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಇತ್ತು. ಮೊದಲು ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ರಾಜ್ಯದಲ್ಲಿ ಸುಮಾರು 9 ಸಾವಿರ ಲೆಕ್ಕಿಗರು, ಅವರು ಸಿಕ್ಕಾಗ ಪಹಣಿ, ಅವರು ಬರೆದದ್ದೇ ಪಹಣಿ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ ಭೂಮಿ ಯೋಜನೆ ಬಂತು. ಆಗ ಅದನ್ನ ಮುನ್ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ, ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. 177 ತಾಲೂಕು, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಕೌಂಟರಿನಲ್ಲಿ 15 ರೂಪಾಯಿ ಕೊಟ್ರೆ ಪ್ರಿಂಟ್ ಕೈಗೆ ಬರ್ತಿತ್ತು.

ನಮಗೆ ಇವತ್ತು ಬೇಕಾಗಿರೋದು ಅದರ ಇನ್ನೊಂದು ಸಂಗತಿ. ಆ ದಿನಗಳಲ್ಲಿ ಹಳ್ಳಿ ಕಡೆ ನಂಬೋಂಥ ನೆಟ್‌ವರ್ಕ್ ಎಲ್ಲಿತ್ತು? ಹಾಗಾಗಿ ಪ್ರತಿ ತಾಲೂಕು ಕಚೇರಿಯಲ್ಲೇ ಒಂದೊಂದು ಸರ್ವರ್ ಇಟ್ಟರು. ಡೇಟಾ ಅಲ್ಲೇ, ಕೌಂಟರ್ ಅಲ್ಲೇ, ಬ್ಯಾಕಪ್ ಅಲ್ಲಿಂದ. ಅಂದ್ರೆ ನಮ್ಮ ರಾಜ್ಯದ ಅತಿ ದೊಡ್ಡ 'ಬ್ರಾಂಚ್ ಆಫೀಸ್ ಸರ್ವರ್' ಪ್ರಯೋಗ ಇದೇ ಅಂತ ನನ್ನ ಲೆಕ್ಕ. ಲೈನ್ ಬಂದ ಮೇಲೆ ಡೇಟಾ ಬೆಂಗಳೂರಿನ ಕೇಂದ್ರಕ್ಕೆ ಹೋಯ್ತು, ಈಗ ಪಹಣಿಯನ್ನ ಫೋನಲ್ಲೇ ನೋಡ್ತೀವಿ.

ಆದ್ರೆ ಕಡತಗಳು ಕಾಗದವಾಗೇ ಉಳಿದ್ವು. 2024ರಲ್ಲಿ ಭೂ ಸುರಕ್ಷಾ ಅಂತ ಇನ್ನೊಂದು ಯೋಜನೆ ಶುರುವಾಯ್ತು. ತಹಶೀಲ್ದಾರ್ ಕಚೇರಿಗಳ ರೆಕಾರ್ಡ್ ರೂಮಿನ ಹಳೆ ದಾಖಲೆಗಳನ್ನ ಸ್ಕ್ಯಾನ್ ಮಾಡೋದು, ಮೊದಲು ಜಿಲ್ಲೆಗೊಂದು ತಾಲೂಕಿನಂತೆ. ಸ್ಕ್ಯಾನ್ ಅಂದ ಕೂಡಲೇ ಸ್ಟೋರೇಜ್ ಲೆಕ್ಕವೇ ಬೇರೆಯಾಗತ್ತೆ. ಡೇಟಾಬೇಸಿನಲ್ಲಿ ಒಂದು ಪಹಣಿ ಕೆಲವೇ ಕೆಬಿ. ಒಂದು ಎ4 ಹಾಳೆಯನ್ನ 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ರೆ 2480 ಗುಣಿಸು 3508 ಚುಕ್ಕಿ, ಚುಕ್ಕಿಗೆ 3 ಬೈಟ್, ಒಟ್ಟು 26 ಎಂಬಿ. ಜೆಪೆಗ್ ಮಾಡಿ ಹಿಂಡಿದ್ರೆ ಸುಮಾರು ಅರ್ಧ ಎಂಬಿ ಅಂದುಕೊಳ್ಳೋಣ. 10 ಲಕ್ಷ ಹಾಳೆಗೆ 500 ಜಿಬಿ ಆಯ್ತು.

ಇಲ್ಲಿಂದ ಮುಂದೆ ಹೇಳೋದು ಸರ್ಕಾರದ ವ್ಯವಸ್ಥೆ ಹೇಗಿದೆ ಅನ್ನೋದಲ್ಲ. ಇಂಥ ಕೆಲಸ ಇರೋ ಒಂದು ಸಣ್ಣ ಕಚೇರಿ ನನ್ನ ಕೈಗೆ ಕೊಟ್ರೆ ನಾನು ಹೇಗೆ ಮಾಡ್ತೀನಿ ಅನ್ನೋದು. ಸಹಕಾರ ಸಂಘ, ಬ್ಯಾಂಕ್ ಶಾಖೆ, ಕಾಫಿ ಕ್ಯೂರಿಂಗ್ ಕಚೇರಿ, ಯಾವುದಾದರೂ ಸರಿ, ಲೆಕ್ಕ ಇದೇ.

ನ್ಯಾಸ್ ಅಂದ್ರೆ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆ. ನಾಲ್ಕು ಡಿಸ್ಕ್, ತಲಾ 4 ಟಿಬಿ ಅನ್ನೋಣ. ನಾಲ್ಕೂ ಸೇರಿಸಿ 16 ಅಂತ ಖುಷಿಪಡಬೇಡಿ. ರೇಡ್ 5 ಮಾಡಿದ್ರೆ 12 ಟಿಬಿ ಸಿಗತ್ತೆ, ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯತ್ತೆ. ರೇಡ್ 6 ಮಾಡಿದ್ರೆ 8 ಟಿಬಿ, ಎರಡು ಸತ್ತರೂ ನಡೆಯತ್ತೆ. ನಾನು ಹಳ್ಳಿ ಕಡೆಯ ಕಚೇರಿಗೆ ರೇಡ್ 6 ಹಾಕ್ತೀನಿ. ಕಾರಣ ಸರಳ: ಒಂದು ಡಿಸ್ಕ್ ಹೋದ್ರೆ ಹೊಸದು ಬೆಂಗಳೂರಿಂದ ಬರಬೇಕು. ಬಂದ್ಮೇಲೆ ಉಳಿದ ಡಿಸ್ಕ್‌ಗಳನ್ನ ಪೂರ್ತಿ ಓದಿ ಹೊಸದನ್ನ ತುಂಬಬೇಕು. ಆ ಹೊತ್ತಿನಲ್ಲೇ ಅದೇ ವಯಸ್ಸಿನ ಇನ್ನೊಂದು ಡಿಸ್ಕ್ ಕೈಕೊಡೋ ಸಾಧ್ಯತೆ ಇದ್ದೇ ಇದೆ. ರೇಡ್ 5ರಲ್ಲಿ ಆಗ ಎಲ್ಲಾ ಹೋಯ್ತು.

ಈಗ ವಾಲ್ಯೂಮ್. ಡಿಸ್ಕ್‌ಗಳೆಲ್ಲ ಸೇರಿ ಒಂದು ದೊಡ್ಡ ಕಣಜ ಆಯ್ತಲ್ಲ, ಅದರೊಳಗೆ ಅಡ್ಡಗೋಡೆ ಹಾಕೋದೇ ವಾಲ್ಯೂಮ್ ಮಾಡೋದು. ರಾಗಿ ಒಂದು ಕಡೆ, ಹುರುಳಿ ಒಂದು ಕಡೆ. ಬಹಳ ಜನ ಗೋಡೆಯನ್ನ ವಿಭಾಗದ ಪ್ರಕಾರ ಹಾಕ್ತಾರೆ: ಅಕೌಂಟ್ಸ್‌ಗೊಂದು, ಮ್ಯಾನೇಜರ್‌ಗೊಂದು. ನಾನು ಕೇಳೋ ಪ್ರಶ್ನೆ ಬೇರೆ. ಇದು ಕಳೆದುಹೋದ್ರೆ ಯಾರಿಗೆ ಏನಾಗತ್ತೆ, ಎಷ್ಟು ಹೊತ್ತು ಇಲ್ಲದೇ ಇರಬಹುದು? ಉತ್ತರ ಬೇರೆ ಬೇರೆ ಇದ್ರೆ ವಾಲ್ಯೂಮೂ ಬೇರೆ.

ಆ ಸೋಮವಾರದ ಕಥೆ ಈಗ ಹೇಳ್ತೀನಿ. ನಾನು ಮುಂಚೆ ಕೆಲಸ ಮಾಡ್ತಿದ್ದ ಒಂದು ಸಂಸ್ಥೆ, ಹೆಸರು ಬೇಡ. ಶಾಖೆಯೊಂದರಲ್ಲಿ ಒಂದೇ ವಾಲ್ಯೂಮ್ ಮಾಡಿದ್ದೆ, ನಾನೇ ಮಾಡಿದ್ದೆ. ಡೇಟಾಬೇಸ್ ಅಲ್ಲೇ, ಸ್ಕ್ಯಾನ್ ಅಲ್ಲೇ. ಆಮೇಲೆ ಯಾರೋ ಸಿಸಿಟಿವಿ ರೆಕಾರ್ಡಿಂಗನ್ನೂ ಅದಕ್ಕೇ ತಿರುಗಿಸಿದರು, ಜಾಗ ಬೇಕಾದಷ್ಟಿತ್ತಲ್ಲ. ಕ್ಯಾಮೆರಾಗೆ ಭಾನುವಾರ ರಜೆ ಇಲ್ಲ. ಖಾಲಿ ಗೋಡೆಯ ವಿಡಿಯೊ ತುಂಬಿ ತುಂಬಿ ಭಾನುವಾರ ರಾತ್ರಿ ವಾಲ್ಯೂಮ್ ಭರ್ತಿ. ಡೇಟಾಬೇಸ್‌ಗೆ ಲಾಗ್ ಬರೆಯೋಕೆ ಜಾಗ ಸಿಗಲಿಲ್ಲ, ನಿಂತುಹೋಯ್ತು. ಸೋಮವಾರ ಸಂತೆ ದಿನ. ಹಳ್ಳಿಗಳಿಂದ ಬಂದವರು ಮಧ್ಯಾಹ್ನದ ತನಕ ಕಾದು ಬಸ್ ಹಿಡಿದು ವಾಪಸ್ ಹೋದರು. ಒಬ್ಬ ಅಜ್ಜಿ 'ನಾಳೆ ಬಂದ್ರೆ ಇರ್ತದಾ ಮಗಾ?' ಅಂದಿದ್ದು ಇನ್ನೂ ಕಿವೀಲಿದೆ. ಒಂದು ದಿನದ ಕೂಲಿ, ಎರಡು ಕಡೆ ಬಸ್ ಚಾರ್ಜು, ಎಲ್ಲಾ ನನ್ನ ಒಂದು ಕ್ಲಿಕ್ಕಿಂದ.

ಅವತ್ತಿಂದ ನನ್ನ ಲೆಕ್ಕ ಹೀಗೆ. ಉಪಯೋಗಕ್ಕೆ 8 ಟಿಬಿ ಇದೆ, ಪರದೆ ಮೇಲೆ ಅದು 7.2ರ ಸುಮಾರು ಕಾಣತ್ತೆ, ಗಾಬರಿ ಬೇಡ. ಡೇಟಾಬೇಸ್‌ಗೆ 500 ಜಿಬಿ. ಸ್ಕ್ಯಾನ್ ಕಡತಕ್ಕೆ 3 ಟಿಬಿ. ಸಿಬ್ಬಂದಿಯ ದಿನನಿತ್ಯದ ಫೈಲುಗಳಿಗೆ 500 ಜಿಬಿ, ಅದರಲ್ಲಿ ತಲೆಗಿಷ್ಟು ಅಂತ ಕೋಟಾ. ಸಿಸಿಟಿವಿ ಬೇಕೇ ಬೇಕು ಅಂದ್ರೆ 1 ಟಿಬಿ, ತುಂಬಿದ್ರೆ ಹಳೇದರ ಮೇಲೆ ಹೊಸದು ಬರೀಲಿ. ಉಳಿದದ್ದು ಯಾರಿಗೂ ಹಂಚೋದಿಲ್ಲ. ವಾಲ್ಯೂಮನ್ನ ಆಮೇಲೆ ದೊಡ್ಡದು ಮಾಡೋದು ಸಾಮಾನ್ಯವಾಗಿ ಸುಲಭ, ಚಿಕ್ಕದು ಮಾಡೋದು ಕಷ್ಟ, ಎಷ್ಟೋ ಸಲ ಸಾಧ್ಯವೇ ಇಲ್ಲ.

ಸೆಟ್ಟಿಂಗ್ ಪರದೆಯಲ್ಲಿ 'ಥಿನ್' ಅನ್ನೋ ಆಯ್ಕೆ ಕಾಣತ್ತೆ. ಇದು ಮದುವೆ ಊಟದ ಲೆಕ್ಕ. ಸಾವಿರ ಜನಕ್ಕೆ ಪತ್ರಿಕೆ ಹಂಚಿ ಆರುನೂರು ಎಲೆ ತರಿಸೋದು, ಎಲ್ಲರೂ ಬರಲ್ಲ ಅನ್ನೋ ಧೈರ್ಯದ ಮೇಲೆ. ಅಡುಗೆಮನೆ ಕಡೆ ಒಬ್ಬರು ಸದಾ ಕಣ್ಣಿಟ್ಟಿದ್ದರೆ ನಡೆಯತ್ತೆ. ಶಾಖೆಯಲ್ಲಿ ಹಾಗೆ ನೋಡೋರು ಇರಲ್ಲ, ಹಾಗಾಗಿ ಡೇಟಾಬೇಸ್ ವಾಲ್ಯೂಮಿಗೆ 'ಥಿಕ್', ಜಾಗ ಮೊದಲೇ ಕಾಯ್ದಿರಿಸಿದ್ದು. ಎಲ್ಲಾ ವಾಲ್ಯೂಮಿಗೂ 80 ಪರ್ಸೆಂಟ್ ತುಂಬಿದಾಗ ಎಸ್‌ಎಂಎಸ್ಸೋ ಮೇಲೋ ಬರೋ ಹಾಗೆ ಮಾಡಿ, ಅದೂ ಇಬ್ಬರಿಗೆ.

ಸರ್ವರ್ ಈ ವಾಲ್ಯೂಮನ್ನ ಎರಡು ರೀತಿ ಹಿಡಿಯಬಹುದು. ಒಂದು ಫೈಲ್ ಶೇರ್: ವಿಂಡೋಸ್ ಆದ್ರೆ ಎಸ್‌ಎಂಬಿ, ಲಿನಕ್ಸ್ ಆದ್ರೆ ಎನ್‌ಎಫ್‌ಎಸ್. ಹತ್ತು ಜನ ಒಟ್ಟಿಗೆ ತೆಗೆಯೋ ಸ್ಕ್ಯಾನ್ ಕಡತಕ್ಕೆ ಇದೇ ಸರಿ. ಇನ್ನೊಂದು ಐಸ್ಕಜಿ. ಇದರಲ್ಲಿ ಸರ್ವರ್‌ಗೆ ತನ್ನದೇ ಸ್ವಂತ ಡಿಸ್ಕ್ ಇದ್ದ ಹಾಗೆ ಕಾಣತ್ತೆ. ಡೇಟಾಬೇಸ್‌ಗೆ ಇದು ಒಗ್ಗತ್ತೆ. ಒಂದು ಎಚ್ಚರ: ಒಂದು ಐಸ್ಕಜಿ ಡಿಸ್ಕನ್ನ ಎರಡು ಸರ್ವರ್‌ಗಳಿಗೆ ಒಟ್ಟಿಗೆ ಕೊಡಬೇಡಿ, ಅದಕ್ಕಂತಲೇ ಮಾಡಿದ ಕ್ಲಸ್ಟರ್ ವ್ಯವಸ್ಥೆ ಇಲ್ಲದಿದ್ರೆ. ಇಬ್ಬರೂ ಒಂದೇ ಹಾಳೆ ಮೇಲೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರೆದ ಹಾಗೆ, ಫೈಲ್ ಸಿಸ್ಟಮ್ ಕೆಟ್ಟುಹೋಗತ್ತೆ. ಐಸ್ಕಜಿಯ ಓಡಾಟಕ್ಕೆ ಬೇರೆ ವಿಎಲ್ಯಾನ್ ಮಾಡಿ, ಅಥವಾ ಸರ್ವರ್‌ನಿಂದ ನ್ಯಾಸ್‌ಗೆ ನೇರ ಒಂದು ಕೇಬಲ್ ಎಳೀರಿ.

ಎಸ್‌ಎಂಬಿ ಶೇರ್ ಮಾಡುವಾಗ ಹಳೇ ಆವೃತ್ತಿ 1ನ್ನ ಆಫ್ ಮಾಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ವೈರಸ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳಿದ್ದು ಅದರಲ್ಲಿದ್ದ ತೂತಿನಿಂದಲೇ. ಹಳೇ ಸ್ಕ್ಯಾನರ್ ಒಂದು 'ಆವೃತ್ತಿ 1 ಇಲ್ಲದಿದ್ರೆ ಆಗಲ್ಲ' ಅಂತ ಹಟ ಹಿಡಿಯತ್ತೆ. ಸ್ಕ್ಯಾನರ್ ಬದಲಾಯಿಸಿ ಅಂತ ಕೇಳಿ, ಕೊಡಲ್ಲ ಅಂದ್ರೆ ಪೆನ್‌ಡ್ರೈವ್‌ನಲ್ಲಿ ತನ್ನಿ.

ಅನುಮತಿ ಕೊಡುವಾಗ ವ್ಯಕ್ತಿಗೆ ಕೊಡಬೇಡಿ, ಹುದ್ದೆಯ ಗುಂಪಿಗೆ ಕೊಡಿ. ಟ್ರಾನ್ಸ್‌ಫರ್ ಆಗ್ತಾನೇ ಇರತ್ತೆ. ಸ್ಕ್ಯಾನ್ ಮಾಡೋ ಹುಡುಗರಿಗೆ ಹೊಸ ಫೈಲ್ ಹಾಕೋ ಅಧಿಕಾರ ಸಾಕು, ಹಳೇದನ್ನ ಅಳಿಸೋದು, ತಿದ್ದೋದು ಬೇಡ. ಮಂಜೂರಾತಿ ಕಡತದಲ್ಲಿ ಒಂದು ಹಾಳೆ ಬದಲಾದ್ರೆ ದೇವನೂರಿನ ಆ ಎರಡು ಎಕರೆ ಯಾರದ್ದೋ ಆಗಬಹುದಲ್ಲ.

ಫೋಲ್ಡರ್ ಜೋಡಿಸೋದಕ್ಕೂ ಒಂದು ಮಾತು. ಹೋಬಳಿ, ಅದರೊಳಗೆ ಗ್ರಾಮ, ಅದರೊಳಗೆ ಸರ್ವೆ ನಂಬರ್. ವರ್ಷದ ಪ್ರಕಾರ ಮಾಡಿದ್ರೆ ಮೊದಲು ಸುಲಭ ಅನ್ನಿಸತ್ತೆ. ಆದ್ರೆ ತರೀಕೆರೆ ತಾಲೂಕಿಂದ ಅಜ್ಜಂಪುರ ಬೇರೆ ತಾಲೂಕಾಯ್ತಲ್ಲ, ಅಂಥ ದಿನ ಬಂದಾಗ ಹೋಬಳಿ ಫೋಲ್ಡರನ್ನ ಎತ್ತಿ ಹೊಸ ಕಚೇರಿಗೆ ಕೊಟ್ರೆ ಮುಗೀತು. ವರ್ಷದ ಪ್ರಕಾರ ಇದ್ದಿದ್ರೆ ಒಂದೊಂದೇ ಹಾಳೆ ಹೆಕ್ಕಬೇಕು.

ಇನ್ನು ಬ್ಯಾಕಪ್. ಸ್ನ್ಯಾಪ್‌ಶಾಟ್ ಇದೆಯಲ್ಲ ಅಂತಾರೆ. ಮಧ್ಯಾಹ್ನ ತಪ್ಪಿ ಅಳಿಸಿದ ಫೈಲನ್ನ ಬೆಳಗಿನ ಸ್ನ್ಯಾಪ್‌ಶಾಟಿನಿಂದ ತರೋದು ಒಂದು ನಿಮಿಷದ ಕೆಲಸ, ಖಂಡಿತ ಆನ್ ಮಾಡಿ. ಆದ್ರೆ ಅದೂ ಅದೇ ಪೆಟ್ಟಿಗೆಯ ಡಿಸ್ಕ್‌ಗಳ ಮೇಲೇ ಇರತ್ತೆ. ಸಿಡಿಲು ಹೊಡೆದ್ರೆ, ಮಳೆನೀರು ಇಳಿದ್ರೆ, ಕಳ್ಳ ಎತ್ತಿಕೊಂಡು ಹೋದ್ರೆ ಎರಡೂ ಒಟ್ಟಿಗೆ ಹೋಗತ್ತೆ. ಪೀಟರ್ ಕ್ರೋ ಅನ್ನೋ ಛಾಯಾಗ್ರಾಹಕ ಜನಪ್ರಿಯ ಮಾಡಿದ 3-2-1 ಸೂತ್ರ ನೆನಪಿಟ್ಕೊಳ್ಳಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ಲಕ್ಷ್ಮೀಶನ ಕಾವ್ಯ ಉಳಿದಿದ್ದೂ ಸುಮಾರು ಹಾಗೇ ಅನ್ನಿ, ಊರೂರಲ್ಲಿ ಓಲೆಗರಿಗೆ ಇಳಿಸಿಕೊಂಡು, ಬಾಯಲ್ಲಿ ಓದಿಸಿಕೊಂಡು.

ಬೇರೆ ಊರಿಗೆ ಕಳಿಸೋದು ಹೇಗೆ? ಶಾಖೆಯ ಲೈನಿನಲ್ಲಿ ಅಪ್‌ಲೋಡ್ 10 ಎಂಬಿಪಿಎಸ್ ಅಂದುಕೊಳ್ಳಿ. 1 ಟಿಬಿ ಕಳಿಸೋಕೆ ಎಲ್ಲೂ ನಿಲ್ಲದೆ 9 ದಿನಕ್ಕಿಂತ ಜಾಸ್ತಿ. ಹಾಗಾಗಿ ಮೊದಲ ಪ್ರತಿಯನ್ನ ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೆ ಹಾಕಿ ಬಸ್ಸಲ್ಲಿ ಹೆಡ್ ಆಫೀಸಿಗೆ ನೀವೇ ತಗೊಂಡು ಹೋಗಿ, ಲೈನಿಗಿಂತ ಬಸ್ಸೇ ವೇಗ. ಆಮೇಲೆ ದಿನಾ ಹೊಸದಾಗಿ ಸೇರಿದ್ದು ಮಾತ್ರ. ದಿನಕ್ಕೆ 2 ಸಾವಿರ ಹಾಳೆ ಸ್ಕ್ಯಾನ್ ಆದ್ರೆ 1 ಜಿಬಿ, ಅದೇ ಲೈನಿನಲ್ಲಿ ಕಾಲು ಗಂಟೆಯೊಳಗೆ ಹೋಗತ್ತೆ. ರಾತ್ರಿ ಹತ್ತಕ್ಕೆ ಶುರುವಾಗೋ ಹಾಗಿಡಿ.

ಕರೆಂಟಿನ ವಿಷಯ ಕಡೂರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಯುಪಿಎಸ್ ಇದ್ರೆ ಸಾಲದು, ಅದರ ಯುಎಸ್‌ಬಿ ವೈರನ್ನ ನ್ಯಾಸ್‌ಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನೇ ಸರಿಯಾಗಿ ಮುಚ್ಚಿಕೊಳ್ಳೋ ಸೆಟ್ಟಿಂಗ್ ಆನ್ ಮಾಡಿ. ಎಷ್ಟೋ ಕಚೇರಿಗಳಲ್ಲಿ ಆ ವೈರು ಇನ್ನೂ ಡಬ್ಬದಲ್ಲೇ ಇರತ್ತೆ.

ಎಲ್ಲಾ ಆದ್ಮೇಲೆ ತಿಂಗಳಿಗೊಮ್ಮೆ ಒಂದು ಕೆಲಸ. ಯಾವುದಾದರೂ ಒಂದು ಸರ್ವೆ ನಂಬರ್ ಆರಿಸಿ, ಅದರ ಕಡತವನ್ನ ಹೆಡ್ ಆಫೀಸಿನ ಪ್ರತಿಯಿಂದ ವಾಪಸ್ ತರಿಸಿ, ತೆಗೆದು, ಕೊನೇ ಹಾಳೆಯ ಸಹಿ ಓದೋಕಾಗತ್ತಾ ನೋಡಿ. ಎಷ್ಟು ನಿಮಿಷ ಹಿಡೀತು ಅಂತ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರಶ್ನೆ ಕಳಿಸಿದ ಕೇಳುಗರೇ, ನಿಮ್ಮ ಮೊದಲನೇ ಸಲ ಎಷ್ಟು ಹಿಡೀತು ಅಂತ ನಮಗೂ ಒಂದು ವಾಯ್ಸ್ ನೋಟ್ ಹಾಕಿ.