ಶುಕ್ರನ ಉಬ್ಬಿದ ಪರ್ವತ

ಕಿತ್ತಳೆ ಬಣ್ಣದ ಲಾವಾ ಬಯಲಿನ ನಡುವೆ ಕಡಿದಾಗಿ ಎದ್ದು ನಿಂತಿರುವ, ಶುಕ್ರಗ್ರಹದ ಮಾಟ್ ಮಾನ್ಸ್ ಎಂಬ ಅಗ್ನಿಪರ್ವತದ ಚಿತ್ರವನ್ನು ಒಮ್ಮೆ ಕಂಡವರು ಸುಲಭವಾಗಿ ಮರೆಯಲಾರರು. ಆದರೆ ಆ ದೃಶ್ಯವನ್ನು ಆ ರೂಪದಲ್ಲಿ ಯಾವ ಕ್ಯಾಮೆರಾವೂ ಕಂಡುದಿಲ್ಲ. ಶುಕ್ರನನ್ನು ಸದಾ ಮುಸುಕಿರುವ ಮೋಡಗಳನ್ನು ಸಾಧಾರಣ ಕ್ಯಾಮೆರಾದ ಕಣ್ಣು ಭೇದಿಸಲಾರದಾದ ಕಾರಣ, 1990ರಿಂದ 1994ರವರೆಗೆ ಆ ಗ್ರಹವನ್ನು ಪರಿಭ್ರಮಿಸಿದ ಮೆಗೆಲನ್ ನೌಕೆಯು ರೇಡಾರ್ ಅಲೆಗಳನ್ನು ಓರೆಯಾಗಿ ಕೆಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಗಳಿಂದ ನೆಲದ ಸ್ವರೂಪವನ್ನು ಗ್ರಹಿಸಿತು. ಎತ್ತರವನ್ನು ಅಳೆಯಲು ಬೇರೊಂದು ಆಂಟೆನಾ ನೇರವಾಗಿ ಕೆಳಗೆ ನೋಡುತ್ತಿದ್ದಿತು. ಬಣ್ಣವಂತೂ ಇವೆರಡರದೂ ಅಲ್ಲ. 1982ರಲ್ಲಿ ಶುಕ್ರನ ಮೇಲಿಳಿದ ಸೋವಿಯತ್ ನೌಕೆಗಳಾದ ವೆನೆರಾ 13 ಮತ್ತು 14 ಕಳಿಸಿದ ಚಿತ್ರಗಳನ್ನು ಆಧರಿಸಿ ಬಳಿದದ್ದು.

ರೇಡಾರ್ ಚಿತ್ರದಲ್ಲಿ ಸುಮಾರು 100 ಮೀಟರಿನಷ್ಟು ಚಿಕ್ಕ ವಿವರಗಳೂ ಕಾಣುತ್ತವೆ. ಎತ್ತರದ ಅಳತೆಯಾದರೋ ಹತ್ತು ಕಿಲೋಮೀಟರು ಹರವಿನ ನೆಲಕ್ಕೆ ಒಂದೆಂಬಂತೆ ಬಲು ವಿರಳ. ಸೂಕ್ಷ್ಮ ಕುಸುರಿಯ ರೇಷ್ಮೆಯನ್ನು ಒರಟು ಮರದ ಬೊಂಬೆಗೆ ಉಡಿಸಿದಂತೆ ಗಣಕಯಂತ್ರವು ಮೊದಲನೆಯದನ್ನು ಎರಡನೆಯದರ ಮೇಲೆ ಹೊದಿಸುತ್ತದೆ. ಅಳತೆಯಿಲ್ಲದ ಎಡೆಗಳನ್ನು ನೆರೆಯ ಅಂಕಿಗಳಿಂದ ಊಹಿಸಿ ತುಂಬುತ್ತದೆ. ಇದಲ್ಲದೆ, ರೇಡಾರು ದೂರವನ್ನು ಪ್ರತಿಧ್ವನಿ ಮರಳುವ ಕಾಲದಿಂದಲೇ ಎಣಿಸುವುದರಿಂದ, ಕಡಿದಾದ ಬೆಟ್ಟದ ನೆತ್ತಿಯ ಪ್ರತಿಧ್ವನಿಯು ಬುಡದ ಪ್ರತಿಧ್ವನಿಗಿಂತ ಮೊದಲೇ ಬಂದು, ಬೆಟ್ಟವೇ ನೌಕೆಯ ಕಡೆಗೆ ವಾಲಿದಂತೆ ತೋರುತ್ತದೆ. ಸಂಕೇತ ಬಾರದ ಪಟ್ಟಿಗಳು ಕಪ್ಪುಗೆರೆಗಳಾಗಿ ಉಳಿಯುತ್ತವೆ.

ಈ ಕಪ್ಪುಗೆರೆಗಳ ಮೇಲೆ ನನಗೆ ಮುನಿಸಿಲ್ಲ. ನೋಡಿದೊಡನೆಯೇ ಅವು ತಮ್ಮ ದೋಷವನ್ನು ಒಪ್ಪಿಕೊಂಡುಬಿಡುತ್ತವೆ. ದೋಷವೆಂದು ಗುರುತೇ ಹತ್ತದ ದೋಷವೊಂದುಂಟು. ಅದು ಎತ್ತರದ ಉತ್ಪ್ರೇಕ್ಷೆ. ಮಾಟ್ ಮಾನ್ಸ್ ಸುತ್ತಣ ಬಯಲಿನಿಂದ ಏರಿರುವುದು ಸುಮಾರು 5 ಕಿಲೋಮೀಟರು, ಅದರ ಬುಡದ ಹರವು ಸುಮಾರು 400 ಕಿಲೋಮೀಟರು. ಎಂದರೆ, ಅದನ್ನು ಹತ್ತುವವನು ನಲವತ್ತು ಹೆಜ್ಜೆ ನಡೆದರೆ ಸರಾಸರಿ ಒಂದು ಹೆಜ್ಜೆಯಷ್ಟು ಮೇಲೇರಿಯಾನು, ಏದುಸಿರಂತೂ ಬಾರದು. ಪ್ರಸಿದ್ಧವಾದ ಒಂದು ಚಿತ್ರದಲ್ಲಿ ಎತ್ತರವನ್ನು ಮಾತ್ರ 22.5 ಪಟ್ಟು ಹಿಗ್ಗಿಸಿರುವುದರಿಂದ, ಒಂದೂವರೆ ಡಿಗ್ರಿಯಷ್ಟೂ ಇಲ್ಲದ ಆ ಇಳಿಜಾರು ಸುಮಾರು 30 ಡಿಗ್ರಿಗೆ ನೆಟ್ಟಗಾಯಿತು. ಮಂದವಾದ ಏರಿಳಿತಗಳನ್ನು ಎತ್ತಿತೋರಲು ವಿಜ್ಞಾನಿಗಳಿಗೆ ಇದು ಉಪಯುಕ್ತವೇ ಸರಿ. ಆದರೆ ಜನಸಾಮಾನ್ಯರ ಮನಸ್ಸಿನಲ್ಲಿ ನಿಂತದ್ದು ಇಲ್ಲದ ಕೋಡುಗಲ್ಲು. 1992ರಲ್ಲಿ ಅಮೆರಿಕದ ಗ್ರಹವಿಜ್ಞಾನಿ ಡೇವಿಡ್ ಮಾರಿಸನ್ ಅವರು ‘ಚಪ್ಪಟೆ ಶುಕ್ರ ಸಂಘ’ವೊಂದು ಬೇಕೆಂದು ಅರೆಹಾಸ್ಯದಿಂದ ಕರೆಕೊಟ್ಟುದು ಈ ಕಾರಣದಿಂದಲೇ.

ಇಂಥ ಚಿತ್ರ ಕಣ್ಣಿಗೆ ಬಿದ್ದಾಗ ವಾಚಕರು ಅದರ ಅಡಿಬರಹದಲ್ಲಿ ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದೆಯೆಂಬುದನ್ನು ಮೊದಲು ಹುಡುಕಲಿ. ಆ ಸಂಖ್ಯೆಯನ್ನೇ ಕೊಟ್ಟಿಲ್ಲವಾದರೆ, ಬೆಟ್ಟವಿದೆಯೆಂದು ನಂಬಿ, ಅದರ ಕಡಿದಾದ ಏರನ್ನು ನಂಬದಿರಲಿ.