ಹೊಸ ಹೆಬ್ಬೆಟ್ಟು

ಹಿಂದಿನ ಕಾಲದಲ್ಲಿ ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಅರ್ಜಿ ಬರೆದುಕೊಡುವವರು ಕುಳಿತಿರುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಓದುಬರಹವರಿಯದ ರೈತನು ತನ್ನ ಕಷ್ಟವನ್ನು ಬಾಯಿಂದ ಹೇಳುವನು. ಅವರು ಅದನ್ನು ಕಾಗದಕ್ಕೆ ಇಳಿಸುವರು. ಕೊನೆಯಲ್ಲಿ ರೈತನು ಹೆಬ್ಬೆಟ್ಟು ಒತ್ತುವನು. ಕಾಗದದಲ್ಲಿ ಏನಿದೆಯೆಂಬುದು ಮಾತ್ರ ಅವನಿಗೆ ತಿಳಿಯದು. ಆ ಕಾಲ ಕಳೆದುಹೋಯಿತೆಂದು ನಾವು ಸಮಾಧಾನಪಡುವಂತಿಲ್ಲ. ಪದವಿ ತರಗತಿಯಲ್ಲಿ ಓದುತ್ತಿರುವ ತರುಣ ತರುಣಿಯರಲ್ಲೇ ಅನೇಕರು ಇಂದು ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ಅದೇ ಹೆಬ್ಬೆಟ್ಟನ್ನು ಬೇರೊಂದು ರೂಪದಲ್ಲಿ ಒತ್ತುತ್ತಿದ್ದಾರೆ.

ಮೈಸೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಹೆಗ್ಗಡದೇವನಕೋಟೆಯನ್ನೇ ನೋಡೋಣ. ಕಬಿನಿಯ ಜಲಾಶಯ, ನಾಗರಹೊಳೆ ಬಂಡೀಪುರಗಳ ಕಾಡು, ಕಾಡಿನಂಚಿನಲ್ಲಿ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳು. ಇವು ಈ ಸೀಮೆಯ ಲಕ್ಷಣಗಳು. ಇಲ್ಲಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಸಂಸ್ಥೆಗಳಿಗೆ ಬರುವವರಲ್ಲಿ ತಮ್ಮ ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರುಂಟು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ನಗರಗಳಲ್ಲಿ ನೂರಕ್ಕೆ 23.4 ಮನೆಗಳಲ್ಲಿ ಕಂಪ್ಯೂಟರ್ ಇದ್ದರೆ, ಹಳ್ಳಿಗಳಲ್ಲಿ ಇದ್ದುದು 4.4 ಮನೆಗಳಲ್ಲಿ ಮಾತ್ರ. ಆಮೇಲೆ ಮೊಬೈಲು ಎಲ್ಲೆಡೆ ಹರಡಿತು, ನಿಜ. ಆದರೆ ಮೊಬೈಲಿನಲ್ಲಿ ಚಲನಚಿತ್ರ ನೋಡಬಲ್ಲವನು ಅರ್ಜಿಯೊಂದನ್ನು ತಾನೇ ತುಂಬಬಲ್ಲನೆಂದು ಭಾವಿಸುವುದು ತಪ್ಪು.

ಈಗ ವಿದ್ಯಾರ್ಥಿಯ ಬಾಳೆಲ್ಲವೂ ಅಂತರಜಾಲದಲ್ಲಿಯೇ ನಡೆಯುತ್ತದೆ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶಗಳಿಗೆ ರಾಜ್ಯದ ಅನೇಕ ವಿಶ್ವವಿದ್ಯಾನಿಲಯಗಳಿಗೆ ಸಮಾನವಾದ ಯುಯುಸಿಎಂಎಸ್ ಎಂಬ ವ್ಯವಸ್ಥೆ 2021ರಿಂದ ಬಂದಿದೆ. ವಿದ್ಯಾರ್ಥಿವೇತನಕ್ಕೆ ಬೇರೊಂದು ಜಾಲತಾಣ. ಆಧಾರ್, ಬ್ಯಾಂಕಿನ ಖಾತೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಎಲ್ಲವೂ ಅಲ್ಲಿ ಒಂದಕ್ಕೊಂದು ತಾಳೆಯಾಗಬೇಕು. ಹುಡುಗಿಯೊಬ್ಬಳು ಅಂಗಡಿಗೆ ಹೋಗುತ್ತಾಳೆಂದುಕೊಳ್ಳಿ. ಅಂಗಡಿಯಾತನು ಪಾಸ್‌ವರ್ಡನ್ನು ತಾನೇ ಇಡುತ್ತಾನೆ. ಅವಸರದಲ್ಲಿ ತನ್ನದೇ ಮೊಬೈಲ್ ಸಂಖ್ಯೆಯನ್ನು ಬರೆಯುವುದೂ ಉಂಟು. ಓಟಿಪಿಯನ್ನು ಆಕೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಮರುವರ್ಷ ಅರ್ಜಿಯನ್ನು ನವೀಕರಿಸಬೇಕಾದಾಗ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಸಂಖ್ಯೆ ಯಾರದೋ ಗೊತ್ತಿಲ್ಲ. ಕೂಲಿಯಿಂದ ಬದುಕುವ ಮನೆಯಲ್ಲಿ ಒಂದು ವರ್ಷದ ವಿದ್ಯಾರ್ಥಿವೇತನ ತಪ್ಪಿದರೆ ಓದೇ ನಿಂತುಹೋಗಬಹುದು. ಇದರಲ್ಲಿ ಅಂಗಡಿಯಾತನನ್ನು ದೂರಿ ಫಲವಿಲ್ಲ. ಆತನು ಕೇಳಿದ ಕೆಲಸವನ್ನು ಮಾಡಿಕೊಟ್ಟನು, ಅಷ್ಟೆ.

ಈ ಕೊರತೆ ಸರ್ಕಾರಕ್ಕೆ ತಿಳಿಯದೆ ಇರಲಿಲ್ಲ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂದಾಗ ಪದವಿ ತರಗತಿಗಳಲ್ಲಿ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪಾಠವೊಂದು ಸೇರಿತು. ಅದರ ಮೊದಲ ಭಾಗದಲ್ಲಿಯೇ ಕೃತಕ ಬುದ್ಧಿಮತ್ತೆ, ಯಂತ್ರಕಲಿಕೆ, ಮಹಾದತ್ತಾಂಶಗಳ ವಿಶ್ಲೇಷಣೆ! ವಿಷಯಗಳೇನೋ ಘನವಾದುವು. ಆದರೆ ಸ್ವಂತ ಇ-ಮೇಲ್ ವಿಳಾಸವನ್ನೇ ಹೊಂದಿರದ ವಿದ್ಯಾರ್ಥಿಗೆ ಅವು ಅಡಿಪಾಯವಿಲ್ಲದ ಉಪ್ಪರಿಗೆಯಂತೆ. 2024-25ರಲ್ಲಿ ರಾಜ್ಯವು ಹಿಂದಿನ ಮೂರು ವರ್ಷದ ಪದವಿ ಕ್ರಮಕ್ಕೆ ಮರಳಿತು, ಪಠ್ಯಕ್ರಮ ಬದಲಾಯಿತು. ವಿದ್ಯಾರ್ಥಿಯ ಅಗತ್ಯ ಬದಲಾಗಲಿಲ್ಲ.

ಹಾಗಾದರೆ ಡಿಜಿಟಲ್ ಕೌಶಲವನ್ನು ಕಲಿಸುವವನ ನಿಜವಾದ ಕೆಲಸವೇನು? ಅದು ಸಣ್ಣ ಸಣ್ಣ ಸಂಗತಿಗಳಿಂದಲೇ ಆರಂಭವಾಗಬೇಕು. ಪಾಸ್‌ವರ್ಡನ್ನು ತಾನೇ ಇಟ್ಟು ತಾನೇ ಕಾಪಾಡಿಕೊಳ್ಳುವುದು. ಓಟಿಪಿಯನ್ನು ಯಾರಿಗೂ ಹೇಳದಿರುವುದು. ಮೋಸ ನಡೆದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡುವುದು. ಪ್ರಮಾಣಪತ್ರಗಳನ್ನು 2015ರಿಂದ ಬಳಕೆಯಲ್ಲಿರುವ ಡಿಜಿಲಾಕರ್‌ನಲ್ಲಿ ಇರಿಸಿಕೊಳ್ಳುವುದು. ಕಡತವೊಂದನ್ನು ಪಿಡಿಎಫ್ ಮಾಡಿ, ಗಾತ್ರ ತಗ್ಗಿಸಿ ಕಳುಹಿಸುವುದು. ಇವುಗಳ ಜೊತೆಗೆ ಕನ್ನಡದಲ್ಲಿ ಬೆರಳಚ್ಚು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ 'ನುಡಿ', ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ಓದಿಸಿಕೊಳ್ಳುವ ಯೂನಿಕೋಡ್ ಇವೆಲ್ಲ ಇರುವಾಗ, ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಅಚ್ಚಿಸಲಾರದ ಪದವೀಧರನಿರುವುದು ಸಲ್ಲದು.

ಬೋಧಕನಿಗೆ ಇಲ್ಲೊಂದು ಕಠಿಣ ವ್ರತವುಂಟು. ವಿದ್ಯಾರ್ಥಿಯು ತಡವರಿಸುತ್ತಾನೆ, ಹೊರಗೆ ಮೂವತ್ತು ಮಂದಿ ಕಾಯುತ್ತಿರುತ್ತಾರೆ, ವಿದ್ಯುತ್ತು ಯಾವಾಗ ಹೋಗುವುದೋ ತಿಳಿಯದು. 'ಇತ್ತ ಕೊಡಪ್ಪಾ, ನಾನೇ ಮಾಡಿಬಿಡುತ್ತೇನೆ' ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ಹಾಗೆ ಮಾಡಿದ ಕ್ಷಣದಲ್ಲಿ ಬೋಧಕನೂ ಮರದಡಿಯ ಅರ್ಜಿ ಬರೆಯುವವನೇ ಆಗುತ್ತಾನೆ. ಕೆಲಸ ಮುಗಿಯುತ್ತದೆ, ಕಲಿಕೆ ಉಳಿಯುವುದಿಲ್ಲ. ಮೌಸನ್ನು ಮುಟ್ಟದೆ, ಪಕ್ಕದಲ್ಲಿ ನಿಂತು, ತಪ್ಪಿದಾಗ ತಿದ್ದಿ, ಮತ್ತೆ ಮಾಡಿಸುವ ತಾಳ್ಮೆಯೇ ಈ ವಿದ್ಯೆಯ ಮೂಲಧನ.

ಇಂಥ ತಾಳ್ಮೆ ನಮ್ಮ ನಾಡಿಗೆ ಹೊಸದಲ್ಲ. 1940ರ ದಶಕದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣದ ಕಾರ್ಯ ಆರಂಭವಾದಾಗ, ಹಗಲೆಲ್ಲ ದುಡಿದು ದಣಿದವರಿಗೆ ಲಾಂದ್ರದ ಬೆಳಕಿನಲ್ಲಿ ಅಕ್ಷರ ಕಲಿಸಿದವರು ಇದೇ ದಾರಿಯಲ್ಲಿ ನಡೆದರು. ಸಹಿ ಮಾಡಿಕೊಡುವುದು ಅವರ ಗುರಿಯಾಗಿರಲಿಲ್ಲ. ಸಹಿ ಮಾಡುವ ಕೈಯನ್ನು ಸಿದ್ಧಪಡಿಸುವುದು ಗುರಿಯಾಗಿತ್ತು.

ನಗರದ ಮನೆಗಳಲ್ಲಿ ಮಕ್ಕಳು ಇದನ್ನೆಲ್ಲ ಅಣ್ಣನಿಂದಲೋ ಅಕ್ಕನಿಂದಲೋ ಆಟವಾಡುತ್ತಲೇ ಕಲಿಯುತ್ತಾರೆ. ಮನೆಯಲ್ಲಿ ಅಂಥ ಅಣ್ಣ ಅಕ್ಕಂದಿರಿಲ್ಲದವರಿಗೆ ಕಾಲೇಜೇ ಆ ಸ್ಥಾನದಲ್ಲಿ ನಿಲ್ಲಬೇಕು. ಹಾಡಿಯಿಂದ ಬಂದ ಹುಡುಗಿಯೊಬ್ಬಳು ಯಾರ ನೆರವೂ ಇಲ್ಲದೆ ತನ್ನ ಅರ್ಜಿಯನ್ನು ತಾನೇ ತುಂಬಿ, ಪಾಸ್‌ವರ್ಡನ್ನು ಯಾರಿಗೂ ಹೇಳದೆ ಮನೆಗೆ ಹಿಂದಿರುಗಿದರೆ, ಆ ದಿನದ ಪಾಠ ಸಾರ್ಥಕವಾಯಿತೆಂದೇ ತಿಳಿಯಬೇಕು.