ಮನೆಯ ನೀರಿಗೆ ಮಾಪಕ: ಮಂಗಳೂರಿನ ನಿದರ್ಶನದಿಂದ ಒಂದು ವಿವೇಚನೆ

೧

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ ನೀರನ್ನು ಅಳೆದು ಕೊಡುವ ಮಾತು ಮೊದಲು ಕೇಳುವವರಿಗೆ ವಿಚಿತ್ರವಾಗಿ ತೋರಬಹುದು. ಈ ಊರಿನ ಹಳೆಯ ಹಿತ್ತಿಲುಗಳಲ್ಲಿ ಮುರಕಲ್ಲನ್ನು ಕಡಿದು ತೋಡಿದ ಬಾವಿಯೊಂದು ಇರುವುದು ವಾಡಿಕೆ. ದಿನಕ್ಕೆ ಎಷ್ಟು ಕೊಡ ಸೇದಿದೆವೆಂದು ಯಾವ ಗೃಹಿಣಿಯೂ ಲೆಕ್ಕವಿಟ್ಟದ್ದಿಲ್ಲ. ಇಂಥ ಮನೆಯ ಗೋಡೆಯ ಬದಿಗೆ ನೀರಿನ ಮಾಪಕ, ಜನರ ಮಾತಿನಲ್ಲಿ ಹೇಳುವುದಾದರೆ ಮೀಟರು, ಬಂದು ಕೂಡುವಾಗ ಗೃಹಸ್ಥನಲ್ಲಿ ಶಂಕೆ ಹುಟ್ಟುವುದು ಸಹಜವಾಗಿದೆ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕೈಗೊಂಡ 'ಜಲಸಿರಿ' ಯೋಜನೆಯಲ್ಲಿ ದಿನದ ೨೪ ಗಂಟೆಯೂ ನೀರು ಒದಗಿಸುವುದರ ಜೊತೆಗೆ ಮಾಪಕಸಹಿತವಾದ ಮನೆಸಂಪರ್ಕವೂ ಸೇರಿರುವುದರಿಂದ, ಈ ಶಂಕೆ ಇಂದು ಕೇವಲ ತಾತ್ತ್ವಿಕವಾದುದಲ್ಲ. ಮಾಪಕವನ್ನು ಒಪ್ಪಬೇಕೆ, ಒಪ್ಪುವುದಾದರೆ ಯಾವ ನಿಬಂಧನೆಗಳ ಮೇಲೆ, ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

೨

ನೀರಿಗಾಗಿ ಹಣ ತೆರುವುದು ಹೊಸ ಪದ್ಧತಿಯಲ್ಲ. ಆದರೆ ತೆರಿಗೆಯ ಆಧಾರ ಹಿಂದೆ ಬೇರೆಯಾಗಿತ್ತು. ಮಂಗಳೂರಿನ ಪುರಸಭೆ ಸ್ಥಾಪಿತವಾದುದು ೧೮೬೬ರಲ್ಲಿ, ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ. ಆ ಆಧಿಪತ್ಯದ ೧೯೨೦ರ ಜಿಲ್ಲಾ ಪುರಸಭೆಗಳ ಅಧಿನಿಯಮವು ನೀರು ಮತ್ತು ಚರಂಡಿಯ ತೆರಿಗೆಯನ್ನು ಆಸ್ತಿತೆರಿಗೆಯ ಒಂದು ಅಂಗವನ್ನಾಗಿ ವಿಧಿಸಲು ಅವಕಾಶ ಕೊಟ್ಟಿತ್ತು. ಅದನ್ನು ನಿರ್ಧರಿಸುತ್ತಿದ್ದುದು ಕಟ್ಟಡದ ವಾರ್ಷಿಕ ಬಾಡಿಗೆ ಮೌಲ್ಯ. ದೊಡ್ಡ ಮನೆಯ ಒಡೆಯ ಹೆಚ್ಚು ತೆರಬೇಕು, ಸಣ್ಣ ಮನೆಯವನು ಕಡಿಮೆ ತೆರಬೇಕು. ಯಾರು ಎಷ್ಟು ನೀರು ಬಳಸಿದರೆಂಬ ಪ್ರಶ್ನೆ ಆ ತೆರಿಗೆಯ ಮಟ್ಟಿಗೆ ಏಳುತ್ತಿರಲಿಲ್ಲ.

ಈ ತತ್ತ್ವದ ತವರು ಇಂಗ್ಲೆಂಡು. ಅಲ್ಲಿ ಮಾಪಕವಿಲ್ಲದ ಮನೆಗಳಿಗೆ ೧೯೭೩ರ ಮೌಲ್ಯಮಾಪನವನ್ನು ಆಧರಿಸಿಯೇ ಇಂದಿಗೂ ನೀರಿನ ಶುಲ್ಕ ಹಾಕುವ ರೂಢಿ ಉಳಿದುಬಂದಿದೆ. ೧೯೯೯ರ ಕಾನೂನು ಗೃಹಸ್ಥನಿಗೆ ಮಾಪಕವನ್ನು ಉಚಿತವಾಗಿ ಕೇಳಿ ಪಡೆಯುವ ಹಕ್ಕನ್ನು ಕೊಟ್ಟಿತಲ್ಲದೆ, ಒಲ್ಲದಿದ್ದರೆ ಒಂದು ವರ್ಷದೊಳಗೆ ಹಳೆಯ ಪದ್ಧತಿಗೆ ಮರಳುವ ಅವಕಾಶವನ್ನೂ ಕಲ್ಪಿಸಿತು. ಮನೆಯ ಮಲಗುವ ಕೋಣೆಗಳಿಗಿಂತ ಜನರ ಸಂಖ್ಯೆ ಕಡಿಮೆಯಿದ್ದರೆ ಮಾಪಕದಿಂದ ಲಾಭ, ಹೆಚ್ಚಾಗಿದ್ದರೆ ನಷ್ಟ, ಎಂಬ ಸರಳ ಸೂತ್ರ ಅಲ್ಲಿನ ಜನರಲ್ಲಿ ಬಳಕೆಗೆ ಬಂತು. ದೊಡ್ಡ ಮನೆಯಲ್ಲಿ ಒಬ್ಬಂಟಿಯಾಗಿರುವ ವೃದ್ಧೆಗೆ ಅದು ಅನುಕೂಲ. ಸಣ್ಣ ಮನೆಯಲ್ಲಿ ತುಂಬಿ ತುಳುಕುವ ಕುಟುಂಬಕ್ಕೆ ಅನನುಕೂಲ. ಹೊರೆಯು ಸಿರಿತನದ ಮೇಲಿನಿಂದ ಬಳಕೆಯ ಮೇಲಕ್ಕೆ ಸರಿಯಿತೆಂಬುದೇ ಈ ಬದಲಾವಣೆಯ ಹುರುಳು. ಬಳಕೆಯಾದರೋ ಮನೆಯಲ್ಲಿರುವ ತಲೆಗಳ ಎಣಿಕೆಯನ್ನು ಅನುಸರಿಸುತ್ತದೆ.

೩

ನಮ್ಮಲ್ಲಿ ಈ ಸೂತ್ರ ಹೇಗೆ ಪರಿಣಮಿಸುವುದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡಬಹುದು. ಒಂದು ಹಿತ್ತಿಲಿನಲ್ಲಿ ಒಡೆಯನ ಮನೆ, ಅದರ ಬದಿಗೆ ಎರಡು ಬಾಡಿಗೆ ಬಿಡಾರಗಳು. ಒಡೆಯನ ಮನೆಯಲ್ಲಿ ಐವರು, ಬಿಡಾರಗಳಲ್ಲಿ ನಾಲ್ವರು ಮತ್ತು ಮೂವರು. ಒಳಚರಂಡಿಯುಳ್ಳ ನಗರಗಳಿಗೆ ಭಾರತದಲ್ಲಿ ಅಂಗೀಕೃತವಾಗಿರುವ ಪ್ರಮಾಣ ತಲೆಗೆ ದಿನಕ್ಕೆ ೧೩೫ ಲೀಟರು. ಅದರಂತೆ ಮೂವತ್ತು ದಿನಗಳಲ್ಲಿ ಮೊದಲನೆಯ ಕುಟುಂಬಕ್ಕೆ ೨೦,೨೫೦, ಎರಡನೆಯದಕ್ಕೆ ೧೬,೨೦೦, ಮೂರನೆಯದಕ್ಕೆ ೧೨,೧೫೦ ಲೀಟರು ಬೇಕು. ಮೂವರಿಗೂ ಬೇರೆಬೇರೆ ಮಾಪಕಗಳಿದ್ದರೆ ಪ್ರತಿಯೊಬ್ಬರೂ ಕೆಳಗಿನ ಇಲ್ಲವೆ ನಡುವಿನ ದರದಲ್ಲಿ ತೆರುವರು. ಮೂವರಿಗೂ ಒಂದೇ ಮಾಪಕವಾದರೆ ಅದು ೪೮,೬೦೦ ಲೀಟರನ್ನು ತೋರಿಸುತ್ತದೆ. ಬಳಕೆ ಏರಿದಂತೆ ದರವೂ ಏರುವ ಮೆಟ್ಟಿಲು ಪದ್ಧತಿಯಲ್ಲಿ ಈ ಮೂವರೂ ಕೂಡಿ ಮೇಲಿನ ಮೆಟ್ಟಿಲನ್ನು ತಲಪುವರು. ಮಿತವ್ಯಯಿಯಾದ ಬಡ ಬಾಡಿಗೆದಾರನು ತೋಟಕ್ಕೆ ನೀರು ಹಾಯಿಸುವ ಶ್ರೀಮಂತನ ದರವನ್ನು ತೆತ್ತಂತಾಯಿತು. ಬಡವರ ರಕ್ಷಣೆಗೆಂದೇ ರಚಿತವಾದ ಮೆಟ್ಟಿಲು ಪದ್ಧತಿ ಈ ಒಂದು ಎಡೆಯಲ್ಲಿ ಬಡವನಿಗೇ ತಿರುಗಿಬೀಳುತ್ತದೆ. ಆದುದರಿಂದ ಮಾಪಕ ಬೇಕೆ ಬೇಡವೆ ಎಂದು ಕೇಳುವ ಮೊದಲು, ಒಂದು ಮಾಪಕಕ್ಕೆ ಎಷ್ಟು ಒಲೆಗಳು ಎಂದು ಕೇಳಬೇಕಾಗುತ್ತದೆ.

೪

ಇನ್ನು ಯಂತ್ರದ ವಿಚಾರ. ಸಾಮಾನ್ಯ ಗೃಹಮಾಪಕದಲ್ಲಿ ಹರಿಯುವ ನೀರು ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಚಕ್ರದ ಸುತ್ತುಗಳನ್ನು ಹಲ್ಲುಗಾಲಿಗಳು ಅಂಕೆಗಳಾಗಿ ಮಾರ್ಪಡಿಸುತ್ತವೆ. ಗೃಹಮಾಪಕಗಳನ್ನು ಕುರಿತ ಭಾರತೀಯ ಮಾನಕ ೭೭೯, ಸಾಧಾರಣ ಹರಿವಿನಲ್ಲಿ ನೂರಕ್ಕೆ ೨ರಷ್ಟು, ಮಂದ ಹರಿವಿನಲ್ಲಿ ನೂರಕ್ಕೆ ೫ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಮನೆಗಳಲ್ಲಿ ಬಳಸುವ ೧೫ ಮಿಲಿಮೀಟರು ಅಳತೆಯ 'ಬಿ' ದರ್ಜೆಯ ಮಾಪಕಕ್ಕೆ ಈ ಖಾತರಿ ಗಂಟೆಗೆ ೩೦ ಲೀಟರಿನಿಂದ ಮೇಲಕ್ಕೆ ಮಾತ್ರ. ಅದಕ್ಕಿಂತ ಮಂದವಾಗಿ ಸೋರುವ ನೀರು ಲೆಕ್ಕಕ್ಕೆ ಸಿಕ್ಕದೆಯೂ ಹೋಗಬಹುದು. ಗಂಟೆಗೆ ೧೦ ಲೀಟರು ಸೋರುವ ನಳ್ಳಿಯೊಂದು ತಿಂಗಳಿಗೆ ೭,೨೦೦ ಲೀಟರನ್ನು, ಅಂದರೆ ಐವರ ಕುಟುಂಬದ ಅಗತ್ಯದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು, ಹಾಳುಮಾಡುತ್ತದೆ. ಇಲ್ಲಿ ಮಾಪಕದ ದೋಷ ಗೃಹಸ್ಥನಿಗೆ ಅನುಕೂಲ, ನಗರಕ್ಕೆ ನಷ್ಟ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ ಕೊಳವೆ ಬರಿದಾದಾಗ ಒಳಗೆ ಗಾಳಿ ತುಂಬಿಕೊಳ್ಳುತ್ತದೆ. ಮರಳಿ ನೀರು ಬಿಟ್ಟೊಡನೆ ಈ ಗಾಳಿ ನೀರಿಗಿಂತ ಮುಂದಾಗಿ ಮಾಪಕವನ್ನು ಹೊಕ್ಕು ಚಕ್ರವನ್ನು ರಭಸದಿಂದ ತಿರುಗಿಸುತ್ತದೆ. ಬಾರದ ನೀರಿಗೂ ಅಂಕೆ ಓಡಿತೆಂಬ ಜನರ ದೂರು ಬರಿಯ ಕಲ್ಪನೆಯಲ್ಲ. ಅದಕ್ಕೆ ಭೌತಿಕ ಕಾರಣವಿದೆ. ಹೀಗಿರುವಲ್ಲಿ ಮಾಪಕದ ನ್ಯಾಯ ಮಾಪಕದಲ್ಲಿಲ್ಲ, ಕೊಳವೆ ಸದಾ ತುಂಬಿರುವುದರಲ್ಲಿದೆ ಎಂಬುದು ಸಿದ್ಧವಾಗುತ್ತದೆ.

೫

ಈ ಸಂಬಂಧವನ್ನು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿ ನೋಡಲಾಗಿದೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ಹೊಸ ಕೊಳವೆಗಳನ್ನೂ ಮಾಪಕಗಳನ್ನೂ ಅಳವಡಿಸಿ, ೨೦೦೮ರ ಸುಮಾರಿಗೆ ನಿರಂತರ ನೀರು ಸರಬರಾಯಿಯನ್ನು ಆರಂಭಿಸಲಾಯಿತು. ಅದಕ್ಕೆ ಮೊದಲು ಹುಬ್ಬಳ್ಳಿಯ ಜನ ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಪಾತ್ರೆಗಳನ್ನಿಟ್ಟುಕೊಂಡು ಕಾಯುತ್ತಿದ್ದರು. ನಿರಂತರ ಸರಬರಾಯಿಯ ಕೊಳವೆಗಳ ನೀರಿನಲ್ಲಿ ಮಾಲಿನ್ಯದ ಸೂಚಕಗಳಾದ ಬ್ಯಾಕ್ಟೀರಿಯಗಳು ಸರದಿಯ ಕೊಳವೆಗಳಿಗಿಂತ ಕಡಿಮೆಯಿದ್ದುದು ಅಲ್ಲಿ ನಡೆದ ಸಂಶೋಧನೆಯಿಂದ ಸ್ಪಷ್ಟವಾಯಿತು. ಮಾಪಕದ ಹಣಕ್ಕೆ ಪ್ರತಿಯಾಗಿ ಗೃಹಸ್ಥನಿಗೆ ಏನೋ ಒಂದು ನಿಜವಾಗಿ ದೊರೆತಿತ್ತು.

ಪ್ರತಿಫಲ ಕಾಣದೆಡೆ ಜನ ಏನು ಮಾಡುವರೆಂಬುದಕ್ಕೆ ಐರ್ಲೆಂಡು ಸಾಕ್ಷಿ. ೨೦೧೩ರಲ್ಲಿ ಮನೆಮನೆಗೆ ಮಾಪಕ ಹೂಡುವ ಕೆಲಸ ಅಲ್ಲಿ ಆರಂಭವಾಯಿತು. ೨೦೧೪ರಲ್ಲಿ ಶುಲ್ಕ ಜಾರಿಗೆ ಬಂದಾಗ ಸಹಸ್ರಾರು ಜನ ಬೀದಿಗಿಳಿದರು. ೨೦೧೬ರಲ್ಲಿ ಶುಲ್ಕವನ್ನು ತಡೆಹಿಡಿಯಬೇಕಾಯಿತು. ತೆರಿಗೆಯ ಮೂಲಕ ಒಮ್ಮೆ ಕೊಟ್ಟುದಕ್ಕೆ ಮತ್ತೊಮ್ಮೆ ಏಕೆ ಕೊಡಬೇಕೆಂಬುದು ಅವರ ವಾದವಾಗಿತ್ತು. ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ ಮುಂಗಡ ಹಣ ಹಾಕಿದರೆ ಮಾತ್ರ ನೀರು ಬಿಡುವ ಮಾಪಕಗಳನ್ನು ಹೂಡಿದಾಗ, ತಿಂಗಳಿಗೆ ಮನೆಗೆ ಉಚಿತವಾಗಿ ಕೊಡುತ್ತಿದ್ದ ೬,೦೦೦ ಲೀಟರು ಸಾಲದೆಂದು ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ೨೦೦೯ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ನಗರಾಡಳಿತದ ಪರವಾಗಿ ತೀರ್ಪಿತ್ತಿತು. ಆ ವಿವಾದದ ಬೇರೂ ನಾವು ಮೇಲೆ ಕಂಡ ಸಂಗತಿಯೇ: ಮನೆಯೊಂದಕ್ಕೆ ಇಷ್ಟೆಂದು ಗೊತ್ತುಮಾಡಿದ ನೀರು, ಹಲವು ಕುಟುಂಬಗಳು ಕೂಡಿರುವ ಮನೆಗೆ ಸಾಲದು.

೬

ಮಂಗಳೂರಿಗೆ ಮರಳೋಣ. ಇಲ್ಲಿನ ನಳ್ಳಿಯ ನೀರು ಬರುವುದು ನೇತ್ರಾವತಿಗೆ ಅಡ್ಡಲಾಗಿ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಈ ನದಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸೊರಗುತ್ತದೆ. ೨೦೧೯ರ ಬೇಸಗೆಯಲ್ಲಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದುದು ಅನೇಕರ ನೆನಪಿನಲ್ಲಿದೆ. ಮಳೆ ಹೆಚ್ಚಿದ್ದರೂ ಮುರಕಲ್ಲಿನ ನೆಲ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಅಳಿವೆಯ ಸಮೀಪದ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಏರುವುದೂ ಉಂಟು.

ಇಲ್ಲಿ ಮಂಗಳೂರಿಗೇ ವಿಶಿಷ್ಟವಾದ ಒಂದು ತೊಡಕು ಎದುರಾಗುತ್ತದೆ. ಮಾಪಕ ಅಳೆಯುವುದು ನಳ್ಳಿಯ ನೀರನ್ನು ಮಾತ್ರ. ಬಾವಿಯ ನೀರಿಗೆ ಅಳತೆಯಿಲ್ಲ. ನಳ್ಳಿಯ ದರ ಏರಿದರೆ ಬಾವಿಯುಳ್ಳವನು ಪಂಪು ಹೂಡಿ ಬಾವಿಯನ್ನು ಹೆಚ್ಚು ಸೇದುವನು. ನೆರೆಯವನ ಬಾವಿ ಅದರಿಂದ ಬೇಗ ತಳ ಕಾಣಬಹುದು. ಬೇಸಗೆಯಲ್ಲಿ ತನ್ನ ಬಾವಿಯೂ ಬತ್ತಿದಾಗ ಅವನು ನಳ್ಳಿಗೆ ಮರಳುವನು. ಆಗ ನಗರದಲ್ಲಿ ನೀರಿನ ಅಭಾವ ಪರಮಾವಧಿಗೆ ಮುಟ್ಟಿರುತ್ತದೆ. ಬಾವಿಯಿಲ್ಲದ ಬಿಡಾರದವನು ವರ್ಷವಿಡೀ ನಳ್ಳಿಯನ್ನೇ ನೆಚ್ಚಿ ಹನ್ನೆರಡು ತಿಂಗಳೂ ತೆರುವನು. ಒಲ್ಲೆನೆನ್ನುವ ಸ್ವಾತಂತ್ರ್ಯ ಬಾವಿಯುಳ್ಳವನಿಗೆ ಇದೆ, ಇಲ್ಲದವನಿಗೆ ಇಲ್ಲ. ಹೀಗಾಗಿ ಒಬ್ಬ ಗೃಹಸ್ಥನು ಮಾಪಕದ ಬಗ್ಗೆ ಕೈಗೊಳ್ಳುವ ತೀರ್ಮಾನದಲ್ಲಿ ನೆರೆಯವನ ಪಾಲೂ ಅಡಗಿದೆ.

೭

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಮಾಪಕವನ್ನು ಸುಮ್ಮನೆ ತಿರಸ್ಕರಿಸುವುದು ಯುಕ್ತವಲ್ಲ. ಕಣ್ಣುಮುಚ್ಚಿ ಒಪ್ಪುವುದೂ ಯುಕ್ತವಲ್ಲ. ಒಪ್ಪುವವನು ಮೂರು ಸಂಗತಿಗಳನ್ನು ಕೇಳಿ ಪಡೆಯಬೇಕು. ಮೊದಲನೆಯದು, ಕೊಳವೆ ಸದಾ ತುಂಬಿರಬೇಕು. ಅದು ಸಾಧ್ಯವಾಗದ ದಿನಗಳಲ್ಲಿ ಗಾಳಿಯ ಓಟಕ್ಕೆ ಪರಿಹಾರವಿರಬೇಕು. ಎರಡನೆಯದು, ಪ್ರತಿಯೊಂದು ಒಲೆಗೂ ಒಂದು ಮಾಪಕ, ಇಲ್ಲವೆ ಕುಟುಂಬಗಳ ಎಣಿಕೆಗೆ ತಕ್ಕಂತೆ ಮೆಟ್ಟಿಲುಗಳ ವಿಂಗಡಣೆ ಆಗಬೇಕು. ಮೂರನೆಯದು, ತುಂಬೆಯಿಂದ ಹೊರಟ ನೀರೆಷ್ಟು, ಪ್ರತಿ ವಾರ್ಡಿಗೆ ಮುಟ್ಟಿದ ನೀರೆಷ್ಟು, ಎಂಬ ಲೆಕ್ಕವೂ ಪ್ರಕಟವಾಗಬೇಕು. ಮನೆಯ ಬಳಕೆಯನ್ನು ಅಳೆಯುವ ಆಡಳಿತ ದಾರಿಯ ಸೋರಿಕೆಯನ್ನು ಅಳೆಯದಿದ್ದರೆ, ಆ ಸೋರಿಕೆಯ ಬೆಲೆಯೂ ಕೊನೆಗೆ ಮನೆಯವನ ಮೇಲೆಯೇ ಬೀಳುತ್ತದೆ.

ಮಾಪಕ ಬಂದ ಮೇಲೂ ಗೃಹಸ್ಥನಿಗೆ ಕೆಲಸವುಂಟು. ರಾತ್ರಿ ಎಲ್ಲ ನಳ್ಳಿಗಳನ್ನೂ ಮುಚ್ಚಿ, ಮೇಲಿನ ಟಾಂಕಿಗೆ ಹೋಗುವ ಕವಾಟವನ್ನೂ ಬಿಗಿದು, ಅಂಕೆಯನ್ನು ಬರೆದಿಟ್ಟುಕೊಂಡು ಬೆಳಗ್ಗೆ ಹೋಲಿಸಿದರೆ ಸೋರಿಕೆ ಬಯಲಾಗುತ್ತದೆ. ಅಳತೆ ಗೊತ್ತಿರುವ ಪಾತ್ರೆಯನ್ನು ಹಲವು ಸಲ ತುಂಬಿಸಿ ನೋಡಿದರೆ ಮಾಪಕದ ಸತ್ಯಾಸತ್ಯ ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಒಂದು ಬೀದಿಯನ್ನು ಆರಿಸಿಕೊಂಡು ಹನ್ನೆರಡು ತಿಂಗಳು ಮಾಪಕಗಳ ಅಂಕೆಗಳನ್ನೂ ಬಾವಿಗಳ ನೀರಿನ ಮಟ್ಟವನ್ನೂ ಜೊತೆಜೊತೆಯಾಗಿ ಗುರುತುಮಾಡಿದರೆ, ನೀರಿನ ದರವನ್ನು ಕುರಿತ ಚರ್ಚೆಗೆ ಊಹೆಗಿಂತ ಗಟ್ಟಿಯಾದ ನೆಲೆ ದೊರೆತೀತು. ಮೇಲೆ ಹೇಳಿದ ಬಾಡಿಗೆ ಬಿಡಾರದ ಲೆಕ್ಕ ನಿಜವೋ ಅಲ್ಲವೋ ಎಂಬುದೂ ಆಗಲೇ ಪರೀಕ್ಷೆಗೆ ಒಳಗಾಗುತ್ತದೆ.